ಕಿಟ್ಟೆಲ್ ಪಾದ್ರಿಗಳು ಕಲಿಸುವ ಪಾಠ

ಫರ್ಡಿನಾಂಡ್ ಕಿಟ್ಟೆಲ್ ಪಾದ್ರಿಗಳು 1832ನೆಯ ಇಸವಿಯಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನ ಸೇವಕರಾಗಿ ಕನ್ನಡನಾಡಿಗೆ ಬಂದರು. ಒಂದು ಶಬ್ದದ ಅರ್ಥವನ್ನು ಒಂದೇ ಎಡೆಯಿಂದ ನಿರ್ಣಯಿಸದೆ, ಹಳೆಯ ಕಾವ್ಯಗಳಲ್ಲಿಯೂ ಜನರ ಗಾದೆಗಳಲ್ಲಿಯೂ ಅದು ಬಂದ ಠಾವುಗಳನ್ನು ಹುಡುಕಿ ಹೋಲಿಸಿದರು. ಹೀಗೆ ಬಹು ವರುಷ ದುಡಿದು, ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1903ರಲ್ಲಿ ಸ್ವದೇಶದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಸತ್ಯವೇದವನ್ನು ಓದುವ ನಮಗೂ ಆ ತಾಳ್ಮೆ ಬೇಕು. ಮನುಷ್ಯನು ನೀತಿವಂತನಾಗುವದು ನಂಬಿಕೆಯಿಂದ ಎಂದು ಪೌಲನು ಕಲಿಸುತ್ತಾನೆ. ಬರೀ ನಂಬಿಕೆ ಸಾಲದು, ಕ್ರಿಯೆಯೂ ಬೇಕೆಂದು ಯಾಕೋಬನು ಕಲಿಸುತ್ತಾನೆ. ಇದರಿಂದ ಬೀದರ, ಭಾಲ್ಕಿ, ಔರಾದ ಸೀಮೆಯ ಸಹೋದರನೊಬ್ಬನು ಕಳವಳಪಟ್ಟು ಪುಸ್ತಕವನ್ನು ಮುಚ್ಚಿಬಿಡಬಹುದು. ಆದರೆ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ತರುತ್ತಾರಲ್ಲವೇ? ಅವನು ದೇವರ ವಾಗ್ದಾನವನ್ನು ನಂಬಿದ್ದು ಆದಿಕಾಂಡದ 15ನೆಯ ಅಧ್ಯಾಯದಲ್ಲಿದೆ. ಪೌಲನು ಅದನ್ನು ತೋರಿಸುತ್ತಾನೆ. ಬಹುಕಾಲದ ತರುವಾಯ ಅದೇ ನಂಬಿಕೆಯಿಂದ ಮಗನನ್ನು ಅರ್ಪಿಸಹೋದದ್ದು 22ನೆಯ ಅಧ್ಯಾಯದಲ್ಲಿದೆ. ಯಾಕೋಬನು ಅದನ್ನು ತೋರಿಸುತ್ತಾನೆ. ಒಬ್ಬನು ಜೋಳದ ಬೇರನ್ನು ನೋಡಿದನು, ಇನ್ನೊಬ್ಬನು ತೆನೆಯನ್ನು, ಬೆಳೆಯು ಒಂದೇ.

ಆದದರಿಂದ ಕಠಿಣವಾದ ವಚನವು ಎದುರಾದಾಗ ಅಂಜದೆ, ಅದಕ್ಕೆ ಬೆಳಕು ಕೊಡುವ ಬೇರೆ ವಚನಗಳನ್ನು ಪ್ರಾರ್ಥನೆಯಿಂದ ಹುಡುಕೋಣ.