ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಲ್ವಂಕರ್ ಬಾಲೂ
ಬಿದರೆಹಳ್ಳ ಕಾವಲ್ ಅಂದ್ರೆ ಎಲ್ಲರಿಗೂ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನೆನಪಾಗುತ್ತೆ. ನಮಗೆ ಮಾತ್ರ ಆ ಕಡೆಯ ಬಯಲಿನಲ್ಲಿ ಆಡುವ ಭಾನುವಾರದ ಕ್ರಿಕೆಟ್. ಆಟಕ್ಕಿಂತ ಟೀಮ್ ಆಯ್ಕೆಯ ಜಗಳವೇ ಜಾಸ್ತಿ: ಯಾರು ಫಾರ್ಮ್‌ನಲ್ಲಿಲ್ಲ, ಯಾವ ಹೊಸ ಬೌಲರ್‌ನ ತಗೋಬೇಕು, ಯಾರನ್ನ ಪಕ್ಕದ ಟೀಮಿಗೆ ಕೊಟ್ಟು ಯಾರನ್ನ ಕರ್ಕೋಬೇಕು. ಈ ಜಗಳದ ಮಧ್ಯೆ ನಾವು ಓದಿದ್ದು ಬಾಲೂ ಅವರ ಕಥೆ.

ಪಲ್ವಂಕರ್ ಬಾಲೂ 1876ರಲ್ಲಿ ಧಾರವಾಡದ ಒಂದು ದಲಿತ ಕುಟುಂಬದಲ್ಲಿ ಹುಟ್ಟಿದರು. ಪುಣೆಯ ಯುರೋಪಿಯನ್ನರ ಕ್ಲಬ್‌ನಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ರೋಲ್ ಮಾಡೋದು, ನೆಟ್ ಕಟ್ಟೋದು ಅವರ ಕೆಲಸ. ಅಲ್ಲಿ ಇಂಗ್ಲಿಷರಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಪಳಗಿದರು. ಬ್ಯಾಟ್ ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಯುರೋಪಿಯನ್ನರನ್ನ ಸೋಲಿಸೋಕೆ ಇಂಥ ಬೌಲರ್ ಬೇಕಿತ್ತು, ಹಾಗಾಗಿ ಪುಣೆಯ ಹಿಂದೂಗಳು ಅವರನ್ನ ಟೀಮಿಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುತ್ತಿದ್ದದ್ದು ಒಂದೇ ಚೆಂಡು. ಟೀ ಬಿಡುವಿನಲ್ಲಿ ಮಾತ್ರ ಬಾಲೂಗೆ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ ಟೀ.

ಆಮೇಲೆ ಅವರು ಬಾಂಬೆಯ ಹಿಂದೂ ತಂಡಕ್ಕೆ ಆಡಿದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ಸಿ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ. ಬಾಲೂ 1955ರಲ್ಲಿ ತೀರಿಕೊಂಡರು.

ನಮ್ಮಲ್ಲೂ ಒಬ್ಬ ಜೂನಿಯರ್ ಇದ್ದಾನೆ. ದಿನಾ ನಮಗೆಲ್ಲ ಬೌಲಿಂಗ್ ಹಾಕಿ, ಬ್ಯಾಟ್ ಮುಟ್ಟದೆ ಹಾಸ್ಟೆಲ್‌ಗೆ ವಾಪಸ್ ಹೋಗ್ತಾನೆ. ಅದು ನಮಗೆ ತಪ್ಪು ಅಂತ ಅನ್ನಿಸಿಯೇ ಇರಲಿಲ್ಲ. ಈ ಭಾನುವಾರ ಓಪನಿಂಗ್ ಅವನದೇ.