ಪಾಪ್ವಾ ಸೆವ್ಗೋಲಮ್

ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಸೇರಿಸುವ ಗಾಲ್ಫ್, ದಕ್ಷಿಣ ಆಫ್ರಿಕದಲ್ಲಿ ಬಹುಕಾಲ ಬಿಳಿಯರ ಆಟವೆನಿಸಿತ್ತು. ಅಲ್ಲಿನ ಡರ್ಬನ್ ನಗರದ ಬಡ ಭಾರತೀಯ ಕುಟುಂಬಕ್ಕೆ ಸೇರಿದ ಪಾಪ್ವಾ ಸೆವ್ಗೋಲಮ್ ಅವರಿಗೆ ಓದುಬರಹ ಕಲಿಯುವ ಭಾಗ್ಯ ಒದಗಲಿಲ್ಲ. ಎಳವೆಯಲ್ಲಿಯೇ ಆಟಗಾರರ ಕೋಲುಗಳ ಚೀಲ ಹೊರುವ ಕೆಲಸಕ್ಕೆ ಸೇರಿದ ಅವರು, ನೋಡಿ ನೋಡಿಯೇ ಆಟವನ್ನು ಕರಗತ ಮಾಡಿಕೊಂಡರು. ಹೆಚ್ಚಿನವರು ಎಡಗೈಯನ್ನು ಮೇಲಿರಿಸಿ ಕೋಲು ಹಿಡಿದರೆ, ಅವರು ಬಲಗೈಯನ್ನು ಮೇಲಿರಿಸಿ ಹಿಡಿಯುತ್ತಿದ್ದರು.

ಈ ವಿಚಿತ್ರ ಹಿಡಿತದಿಂದಲೇ ಅವರು 1959, 1960 ಮತ್ತು 1964ರಲ್ಲಿ ಡಚ್ ಓಪನ್ ಪಂದ್ಯಾವಳಿಯನ್ನು ಗೆದ್ದರು. ಹೊರನಾಡು ಮನ್ನಿಸಿದ ಈ ಪ್ರತಿಭೆಯನ್ನು ತಾಯ್ನಾಡು ಅವಮಾನಿಸಿತು. 1963ರಲ್ಲಿ ಅವರು ಡರ್ಬನ್ನಿನಲ್ಲಿ ನಟಾಲ್ ಓಪನ್ ಗೆದ್ದಾಗ, ವರ್ಣಭೇದ ನೀತಿಯ ಕಾರಣದಿಂದ ಕ್ಲಬ್ಬಿನ ಕಟ್ಟಡದೊಳಕ್ಕೆ ಅವರಿಗೆ ಪ್ರವೇಶ ದೊರೆಯಲಿಲ್ಲ. ಹೊರಗೆ ಸುರಿವ ಮಳೆಯಲ್ಲಿ ನಿಂತೇ ಅವರು ಬಹುಮಾನ ಸ್ವೀಕರಿಸಿದರು.

1965ರಲ್ಲಿ ವಿಶ್ವವಿಖ್ಯಾತ ಗ್ಯಾರಿ ಪ್ಲೇಯರ್ ಅವರನ್ನು ಹಿಂದಿಕ್ಕಿ ಅವರು ಮತ್ತೆ ಅದೇ ಪ್ರಶಸ್ತಿಯನ್ನು ಪಡೆದರು. ಆದರೆ ಸರ್ಕಾರವು ಪ್ರಮುಖ ಪಂದ್ಯಗಳ ಬಾಗಿಲನ್ನು ಅವರಿಗೆ ಮುಚ್ಚಿತು. ವಿದೇಶ ಪ್ರಯಾಣಕ್ಕೂ ತಡೆಯೊಡ್ಡಿತು. ಬಡತನದಲ್ಲಿಯೇ 1978ರಲ್ಲಿ ಅವರು ನಿಧನ ಹೊಂದಿದರು. ಅವರನ್ನು ಹೊರಗೆ ನಿಲ್ಲಿಸಿದ್ದ ನೀತಿ 1994ರ ವೇಳೆಗೆ ಅಳಿದುಹೋಯಿತು. ಡರ್ಬನ್ನಿನ ಗಾಲ್ಫ್ ಮೈದಾನವೊಂದು ಮಾತ್ರ ಅವರ ಹೆಸರನ್ನು ಹೊತ್ತು ನಿಂತಿದೆ.