ಗುನ್‌ಪೇ ಯೊಕೊಯಿ: ಹಳೆಯ ಬಿಡಿಭಾಗಗಳಲ್ಲಿ ಹೊಸ ಆಟ ಕಂಡವರು

ನಮ್ಮಲ್ಲಿ ಅನೇಕರ ಬ್ಯಾಗಿನಲ್ಲಿ ಅಂಗೈಯಗಲದ ಒಂದು ಆಟದ ಯಂತ್ರ ಇರುತ್ತದೆ. ಆನ್‌ಲೈನ್‌ನಲ್ಲೋ ಎಸ್.ಪಿ. ರಸ್ತೆಯಲ್ಲೋ ಕೊಂಡದ್ದು. ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಹಳೆಯ ಆಟಗಳು. ಎಡ ಹೆಬ್ಬೆರಳಿನ ಕೆಳಗೆ ಕೂಡಿಸುವ ಚಿಹ್ನೆಯಂತಹ ಒಂದು ಗುಂಡಿ. ಆ ಗುಂಡಿಯನ್ನು ಮೊದಲು ರೂಪಿಸಿದ ಎಂಜಿನಿಯರ್ ತೀರಿಕೊಂಡು ಕಾಲು ಶತಮಾನಕ್ಕೂ ಹೆಚ್ಚಾಯಿತು. ಅವರ ಹೆಸರು ಗುನ್‌ಪೇ ಯೊಕೊಯಿ. ಈ ಸಂಚಿಕೆಯಲ್ಲಿ ಅವರ ಬದುಕನ್ನು ಪರಿಚಯಿಸುತ್ತಿದ್ದೇವೆ.

ಯೊಕೊಯಿ ಹುಟ್ಟಿದ್ದು ಜಪಾನಿನ ಕ್ಯೋಟೊ ನಗರದಲ್ಲಿ, 1941ರ ಸೆಪ್ಟೆಂಬರ್ 10ರಂದು. ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ವಿಷಯದ ಎಂಜಿನಿಯರಿಂಗ್ ಓದಿದರು. 1965ರಲ್ಲಿ ಕ್ಯೋಟೊದಲ್ಲೇ ಇದ್ದ ನಿಂಟೆಂಡೊ ಕಂಪನಿಗೆ ಸೇರಿದರು. ಆಗ ನಿಂಟೆಂಡೊ ಎಂದರೆ ವಿಡಿಯೊ ಗೇಮ್ ಅಲ್ಲ. 1889ರಲ್ಲಿ ಆರಂಭವಾದ ಆ ಕಂಪನಿ ಹಾನಾಫುದಾ ಎಂಬ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯಿ ಅವರ ಕೆಲಸ. ಎಂಜಿನಿಯರಿಂಗ್ ಓದಿದವರಿಗೆ ಅದು ದೊಡ್ಡ ಹುದ್ದೆಯೇನಲ್ಲ.

ಯಂತ್ರಗಳು ಸರಿಯಾಗಿ ಓಡುತ್ತಿದ್ದರೆ ಅವರಿಗೆ ಬಿಡುವು. ಆ ಬಿಡುವಿನಲ್ಲಿ ಕತ್ತರಿಯಂತೆ ಮಡಚಿ ಚಾಚುವ ಒಂದು ಉದ್ದನೆಯ ಕೈಯನ್ನು ತಮ್ಮ ಮೋಜಿಗಾಗಿ ಮಾಡಿಕೊಂಡಿದ್ದರು. ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಕಾರ್ಖಾನೆಗೆ ಬಂದಾಗ ಅದು ಅವರ ಕಣ್ಣಿಗೆ ಬಿತ್ತು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಸಿಗಬಹುದಿತ್ತು. ಆದರೆ ಯಮೌಚಿ ಅದನ್ನೇ ಆಟಿಕೆಯಾಗಿ ತಯಾರಿಸಲು ಹೇಳಿದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ಕಾಯುತ್ತಿದ್ದವರು ಆಟಿಕೆಗಳ ವಿನ್ಯಾಸಕರಾದರು. 1970ರಲ್ಲಿ ಸೌರಕೋಶವನ್ನು ಬಳಸಿ ಬೆಳಕಿನ ಗುರಿ ಹೊಡೆಯುವ ಬಂದೂಕಿನ ಆಟಿಕೆಯನ್ನೂ ಮಾಡಿದರು.

ಅವರ ಯೋಚನೆಯ ದಾರಿ ಒಂದೇ ಆಗಿತ್ತು. ಆಟಕ್ಕೆ ಅತಿ ಹೊಸ, ಅತಿ ದುಬಾರಿ ತಂತ್ರಜ್ಞಾನ ಬೇಕಿಲ್ಲ. ಎಲ್ಲರಿಗೂ ಚೆನ್ನಾಗಿ ಗೊತ್ತಿರುವ, ಅಗ್ಗವಾಗಿರುವ, ಬೇರೆಯವರು ಹಳೆಯದೆಂದು ಬದಿಗಿಟ್ಟಿರುವ ಭಾಗವನ್ನು ತೆಗೆದುಕೊಂಡು, ಅದಕ್ಕೆ ಯಾರೂ ಯೋಚಿಸದ ಒಂದು ಉಪಯೋಗ ಹುಡುಕಬೇಕು. ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗ ಕೊಂಡು ಸೈನ್ಸ್ ಪ್ರಾಜೆಕ್ಟ್ ಮಾಡಿದ ನಮ್ಮ ವಿಜ್ಞಾನ ವಿಭಾಗದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಅವರೇ ಹೇಳಿಕೊಂಡಂತೆ, ಒಮ್ಮೆ ರೈಲಿನಲ್ಲಿ ಹೋಗುವಾಗ ಬೇಸರಗೊಂಡ ಒಬ್ಬ ಪ್ರಯಾಣಿಕ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಕಂಡರು. ಕ್ಯಾಲ್ಕುಲೇಟರಿನ ಎಲ್‌ಸಿಡಿ ಪರದೆ ಆ ಹೊತ್ತಿಗೆ ಅಗ್ಗವಾಗಿತ್ತು. ಅದೇ ಪರದೆಯಿಂದ 1980ರಲ್ಲಿ ಗೇಮ್ ಅಂಡ್ ವಾಚ್ ಹುಟ್ಟಿತು. ಜೇಬಿನಲ್ಲಿ ಹಿಡಿಸುವ ಯಂತ್ರ, ಒಂದು ಆಟ, ಜೊತೆಗೆ ಗಡಿಯಾರ. ಮುಂದಿನ ಹನ್ನೊಂದು ವರ್ಷಗಳಲ್ಲಿ ಇಂತಹ 4 ಕೋಟಿ 34 ಲಕ್ಷ ಯಂತ್ರಗಳು ಮಾರಾಟವಾದವು. 1982ರ ಡಾಂಕಿ ಕಾಂಗ್ ಮಾದರಿಗಾಗಿ ಅವರು ನಾಲ್ಕು ದಿಕ್ಕಿನ ಗುಂಡಿಯನ್ನು ರೂಪಿಸಿದರು. ಮರುವರ್ಷ ಅದು ಫ್ಯಾಮಿಕಾಮ್ ಎಂಬ ಮನೆಯ ಯಂತ್ರದ ಕೈಗೂ ಬಂತು.

ಯಶಸ್ಸಿನ ಬೆನ್ನಿಗೇ ನಕಲು ಬಂತು. ಸೋವಿಯತ್ ಒಕ್ಕೂಟದಲ್ಲಿ 1984ರ ಹೊತ್ತಿಗೆ ಎಲೆಕ್ಟ್ರಾನಿಕಾ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಖಾನೆಗಳೇ ಗೇಮ್ ಅಂಡ್ ವಾಚ್‌ನ ಮೊಟ್ಟೆ ಹಿಡಿಯುವ ಆಟವನ್ನು ತಮ್ಮ ದೇಶದ ತೋಳ ಮತ್ತು ಮೊಲದ ಕಾರ್ಟೂನ್ ಚಿತ್ರ ಹಾಕಿ ತಯಾರಿಸಿದವು. ಪರವಾನಗಿ ಪಡೆದಿರಲಿಲ್ಲ. ಆದರೆ ನಿಂಟೆಂಡೊ ಕೂಡ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲ. 1978ರಲ್ಲಿ ಟೈಟೊ ಕಂಪನಿಯ ಸ್ಪೇಸ್ ಇನ್‌ವೇಡರ್ಸ್ ಜಪಾನಿನಲ್ಲಿ ಜನಪ್ರಿಯವಾದಾಗ, 1979ರಲ್ಲಿ ನಿಂಟೆಂಡೊ ಅದನ್ನೇ ಹೋಲುವ ಸ್ಪೇಸ್ ಫೀವರ್ ತಂದಿತ್ತು.

ಭಾರತಕ್ಕೆ 90ರ ದಶಕದಲ್ಲಿ ಬಂದದ್ದು ಬಹುಪಾಲು ನಕಲೇ. ನಮ್ಮ ತಂದೆಯರು, ಮಾವಂದಿರು ಟಿವಿಗೆ ಸಿಕ್ಕಿಸಿ ಆಡಿದ ವಿಡಿಯೊ ಗೇಮ್ ಫ್ಯಾಮಿಕಾಮ್‌ನ ತದ್ರೂಪಾಗಿತ್ತು. ಅದರ ಕ್ಯಾಸೆಟ್ಟಿನ ಮೇಲೆ 9999999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದವು ಬೆರಳೆಣಿಕೆಯ ಆಟಗಳು, ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಬ್ರಿಕ್ ಗೇಮ್ ಎಂದು ಕರೆಯುತ್ತಿದ್ದ ಕೈಯಂತ್ರ ಟೆಟ್ರಿಸ್‌ನ ನಕಲು. ಆ ಟೆಟ್ರಿಸನ್ನು ಮಾಸ್ಕೋದಲ್ಲಿ ಬರೆದ ಅಲೆಕ್ಸಿ ಪಾಜಿಟ್ನೋವ್ ಅವರಿಗೆ 1996ರವರೆಗೆ ರಾಯಲ್ಟಿ ಸಿಗಲಿಲ್ಲ. ಅಸಲಿ ಯಂತ್ರ ಕೊಳ್ಳಲಾಗದ ಲಕ್ಷಾಂತರ ಮನೆಗಳಿಗೆ ನಕಲು ಸಂತೋಷ ತಂದದ್ದು ನಿಜ. ಆ ಸಂತೋಷದಲ್ಲಿ ಆಟ ಬರೆದವರಿಗೆ ಏನೂ ಪಾಲು ಬರಲಿಲ್ಲ ಎಂಬುದೂ ಅಷ್ಟೇ ನಿಜ.

1989ರ ಏಪ್ರಿಲ್ 21ರಂದು ಯೊಕೊಯಿ ಮತ್ತು ಅವರ ತಂಡದ ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾಯಿತು. ಅದರ ಪರದೆಗೆ ಬಣ್ಣವಿರಲಿಲ್ಲ. ನಾಲ್ಕು ಛಾಯೆಗಳು ಮಾತ್ರ. ಅಗಲ 160, ಎತ್ತರ 144 ಚುಕ್ಕೆಗಳು. ಪ್ರತಿಸ್ಪರ್ಧಿ ಕಂಪನಿಗಳು ಬಣ್ಣದ ಪರದೆ ಕೊಟ್ಟವು. ಆದರೆ ಆರು ಸೆಲ್ ಹಾಕಿದರೂ ಅವು ಕೆಲವೇ ಗಂಟೆ ನಡೆಯುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ನಂತರದ ಬಣ್ಣದ ಮಾದರಿಯೂ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು.

ಗೇಮ್ ಬಾಯ್‌ಗೆ ಒಂದು ಕಾವಲೂ ಇತ್ತು. ಯಂತ್ರ ಆನ್ ಆದ ಕೂಡಲೇ ಕಾರ್ಟ್ರಿಜ್ಜಿನಲ್ಲಿರುವ ನಿಂಟೆಂಡೊ ಲಾಂಛನದ 48 ಬೈಟ್‌ಗಳನ್ನು ತನ್ನಲ್ಲಿರುವ ಪ್ರತಿಯೊಂದಿಗೆ ಹೋಲಿಸುತ್ತದೆ. ತಾಳೆಯಾಗದಿದ್ದರೆ ಆಟ ಶುರುವಾಗುವುದಿಲ್ಲ. ಅಂದರೆ ಅನುಮತಿಯಿಲ್ಲದೆ ಆಟ ಮಾರುವವರು ಲಾಂಛನವನ್ನೂ ನಕಲು ಮಾಡಲೇಬೇಕು, ಆಗ ಕಾನೂನಿನ ಕೈಗೆ ಸಿಗಬೇಕು ಎಂಬ ಲೆಕ್ಕ. ಇಂದು ಮೆಮೊರಿ ಕಾರ್ಡಿನಿಂದ ಆಟ ತುಂಬಿಸುವ ಫ್ಲ್ಯಾಶ್ ಕಾರ್ಟ್ರಿಜ್ ಕೂಡ ಅದೇ 48 ಬೈಟ್‌ಗಳನ್ನು ತೋರಿಸಿಯೇ ಒಳಗೆ ಹೋಗುತ್ತದೆ.

1995ರಲ್ಲಿ ಯೊಕೊಯಿ ಎಡವಿದರು. ಕಣ್ಣಿಗೆ ಹಚ್ಚಿ ನೋಡುವ, ಕೆಂಪು ಬಣ್ಣವೊಂದನ್ನೇ ತೋರಿಸುವ ವರ್ಚುವಲ್ ಬಾಯ್ ಯಂತ್ರವನ್ನು ಜನ ಒಪ್ಪಲಿಲ್ಲ. ಅದು ವರ್ಷದೊಳಗೆ ನಿಂತುಹೋಯಿತು. 1996ರ ಆಗಸ್ಟ್‌ನಲ್ಲಿ, 31 ವರ್ಷಗಳ ಸೇವೆಯ ನಂತರ ಅವರು ನಿಂಟೆಂಡೊ ಬಿಟ್ಟರು. ಕೋಟೊ ಎಂಬ ಸಣ್ಣ ಸಂಸ್ಥೆ ಕಟ್ಟಿ, ಬಂದಾಯ್ ಕಂಪನಿಗಾಗಿ ವಂಡರ್‌ಸ್ವಾನ್ ಎಂಬ ಕೈಯಂತ್ರದ ಕೆಲಸಕ್ಕೆ ತೊಡಗಿದರು. ಅದು ಒಂದೇ ಸೆಲ್‌ನಲ್ಲಿ ನಡೆಯುವ ಯಂತ್ರ. ಹಳೆಯ ಜಿಪುಣತನ ಹೋಗಿರಲಿಲ್ಲ!

ಆ ಯಂತ್ರ ಮಾರುಕಟ್ಟೆಗೆ ಬಂದುದನ್ನು ನೋಡಲು ಅವರಿರಲಿಲ್ಲ. 1997ರ ಅಕ್ಟೋಬರ್ 4ರಂದು ಹೊಕುರಿಕು ಹೆದ್ದಾರಿಯಲ್ಲಿ ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಕೆಳಗಿಳಿದಿದ್ದಾಗ ಮತ್ತೊಂದು ವಾಹನ ಬಡಿದು ತೀರಿಕೊಂಡರು. ಆಗ ಅವರಿಗೆ 56 ವರ್ಷ. 1999ರಲ್ಲಿ ವಂಡರ್‌ಸ್ವಾನ್ ಬಿಡುಗಡೆಯಾದಾಗ ಅದರ ಒಂದು ಆಟಕ್ಕೆ ಅವರ ಹೆಸರನ್ನೇ ಇಡಲಾಗಿತ್ತು.

ಇಷ್ಟು ಅವರ ಬದುಕು. ಈಗ ನಮ್ಮ ಬ್ಯಾಗಿನಲ್ಲಿರುವ ಯಂತ್ರದ ಮಾತು. ಅದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ವರ್ತಿಸುವ ತಂತ್ರಾಂಶದ ಮೂಲಕ ನಡೆಯುತ್ತದೆ. ಎಮ್ಯುಲೇಟರ್ ಬರೆಯುವುದೇ ತಪ್ಪೇ? ಅಲ್ಲ. ಒಂದು ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಅಭ್ಯಾಸ ಮಾಡಲು, ನ್ಯಾಯವಾಗಿ ನಮ್ಮದಾದ ಪ್ರೋಗ್ರಾಮ್ ಹಾಳಾಗದಂತೆ ಒಂದು ಪ್ರತಿ ಇಟ್ಟುಕೊಳ್ಳಲು ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯೂ ಅವಕಾಶ ಕೊಡುತ್ತದೆ. ಯಂತ್ರದ ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ. ಆದರೆ ಆಟದ ಹಕ್ಕುಸ್ವಾಮ್ಯ ಬರೆದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಆದ್ದರಿಂದ ಯಂತ್ರ ಹಳೆಯದಾಯಿತು ಎಂಬ ಕಾರಣಕ್ಕೆ ಅದರೊಳಗಿನ ಆಟ ಎಲ್ಲರ ಸೊತ್ತಾಗುವುದಿಲ್ಲ.

ಇನ್ನೊಂದು ಮುಖವೂ ಇದೆ. 2023ರ ಒಂದು ಅಧ್ಯಯನದ ಪ್ರಕಾರ ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಣ ಕೊಡಲು ಸಿದ್ಧವಿದ್ದರೂ ಕೊಡುವ ದಾರಿಯಿಲ್ಲ. ಹಳೆಯ ಕಾರ್ಟ್ರಿಜ್ಜಿನ ಪುಟ್ಟ ಸೆಲ್ ಮುಗಿದರೆ ಮಗುವೊಂದು ವರ್ಷಗಟ್ಟಲೆ ಆಡಿ ಉಳಿಸಿದ್ದು ಅಳಿಸಿಹೋಗುತ್ತದೆ. ಯಾರೂ ಪ್ರತಿ ಮಾಡಿ ಇಡದಿದ್ದರೆ ಯೊಕೊಯಿ ಅವರ ಕಾಲದ ಕೆಲಸವೇ ಕಣ್ಮರೆಯಾಗುತ್ತದೆ. ಹಾಗಾಗಿ ಕಾಪಾಡಲು ಮಾಡಿದ ಪ್ರತಿಯನ್ನೂ ಮಾರಿ ಹಣ ಮಾಡಲು ಮಾಡಿದ ಪ್ರತಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಹಲಾಲ್ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಊಟದ ತಟ್ಟೆಯ ಬಳಿಯೇ ನಿಲ್ಲಿಸಿಬಿಡುತ್ತೇವೆ. ಗಳಿಕೆಗೂ ಅದು ಅನ್ವಯಿಸುತ್ತದೆ ಎಂಬುದನ್ನು ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಇನ್ನೊಬ್ಬರ ಕೆಲಸ ನಮ್ಮ ಕೈಯಲ್ಲಿದ್ದರೆ ಅದು ಅಮಾನತ್ ಇದ್ದಂತೆ. ನಮ್ಮದೇ ಕಾರ್ಟ್ರಿಜ್ಜಿನ ಪ್ರತಿ ಇಟ್ಟುಕೊಳ್ಳೋಣ, ಯಂತ್ರ ಬಿಚ್ಚಿ ನೋಡಿ ಕಲಿಯೋಣ. ಈಗಲೂ ಮಾರಾಟದಲ್ಲಿರುವ ಆಟವನ್ನು ಕೊಂಡು ಆಡೋಣ. ಸಾವಿರ ಆಟ ತುಂಬಿದ ಕಾರ್ಡನ್ನು ಸಹಪಾಠಿಗಳಿಗೆ ಮಾರುವ ವ್ಯಾಪಾರ ಮಾತ್ರ ಬೇಡ.

ಕ್ಯಾಲ್ಕುಲೇಟರಿನ ಪರದೆಯನ್ನು ಯೊಕೊಯಿ ಕಂಡುಹಿಡಿಯಲಿಲ್ಲ. ಬೇರೆಯವರು ಮಾಡಿದ್ದನ್ನು ಹಣ ಕೊಟ್ಟು ಪಡೆದು, ಅದಕ್ಕೆ ತಮ್ಮದೊಂದು ಯೋಚನೆ ಸೇರಿಸಿದರು. ಗೆಳೆಯನ ಲ್ಯಾಬ್ ರೆಕಾರ್ಡ್ ಎದುರಿಗಿಟ್ಟುಕೊಂಡು ಬರೆಯಲು ಕುಳಿತಾಗ ನಾವೂ ಇದನ್ನು ನೆನಪಿಸಿಕೊಳ್ಳಬಹುದು. ಅವನ ರೀಡಿಂಗ್ ನೋಡಿ ನಮ್ಮ ಪ್ರಯೋಗ ಎಲ್ಲಿ ತಪ್ಪಿತು ಎಂದು ತಿಳಿದುಕೊಳ್ಳುವುದು ಕಲಿಕೆ. ಅವನ ಸಂಖ್ಯೆಗಳನ್ನೇ ಇಳಿಸಿಕೊಂಡು ನಮ್ಮ ಹೆಸರು ಬರೆಯುವುದು 9999999 ಆಟಗಳ ಕ್ಯಾಸೆಟ್.